ಸುಲ್ತಾನನ ಬಟ್ಟಲು, ಇಲ್ಲದ ದ್ರಾಕ್ಷಿತೋಟ

ಬಹಮನಿ ಸುಲ್ತಾನರು ಕಲಬುರಗಿ ಕೋಟೆಯ ಆಸುಪಾಸಿನಲ್ಲೇ ದ್ರಾಕ್ಷಿ ಬೆಳೆಸಿ, ಅದರ ಮದ್ಯವನ್ನೇ ಕುಡಿಯುತ್ತಿದ್ದರೆಂದು ಹಿರಿಯ ವಿದ್ವಾಂಸರೊಬ್ಬರು ಸಭೆಯೊಂದರಲ್ಲಿ ಹೇಳಿದಾಗ ಯಾರೂ ಆಧಾರ ಕೇಳಲಿಲ್ಲ. ಅವರು ನೆಚ್ಚಿದ್ದು ಎರಡನ್ನು: ಇತಿಹಾಸಕಾರ ಫರಿಶ್ತಾ ವರ್ಣಿಸಿದ 1366ರ ಒಂದು ಸಂಜೆ, ಪ್ರವಾಸಿ ಇಬ್ನ್ ಬತೂತಾನ ಒಂದು ವಾಕ್ಯ.

ಸಂಜೆಯ ಕಥೆ ಹೀಗಿದೆ. ಮುನ್ನೂರು ಗಾಯಕರು ಅಮೀರ್ ಖುಸ್ರೋನ ಪದ್ಯ ಹಾಡಿದರು. ಉಲ್ಲಾಸಗೊಂಡ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಷಾ, ಅವರ ಇನಾಮಿಗೆ ವಿಜಯನಗರದ ಖಜಾನೆಯ ಮೇಲೆ ಹುಂಡಿ (ಹಣ ಪಾವತಿಯ ಚೀಟಿ) ಬರೆಯಲು ಮಂತ್ರಿ ಮಲಿಕ್ ಸೈಫುದ್ದೀನ್ ಘೋರಿಗೆ ಅಪ್ಪಣೆ ಕೊಟ್ಟ. ಇದು ಅಮಲಿನ ಮಾತೆಂದು ಬಗೆದ ಮಂತ್ರಿ ಹುಂಡಿ ಬರೆದನಾದರೂ ಕಳಿಸಲಿಲ್ಲ. ಮರುದಿನ ಸುಲ್ತಾನ ವಿಚಾರಿಸಿದ. ತಾನು ಅಮಲಿನಲ್ಲಿ ಹೇಳಿದ್ದಲ್ಲ, ಯೋಚಿಸಿಯೇ ಹೇಳಿದ್ದೆಂದ. ಹುಂಡಿ ಹೋಯಿತು, ಯುದ್ಧ ಬಂತು.

ಈ ಪ್ರಸಂಗವನ್ನು ಫರಿಶ್ತಾ ಮುಲ್ಲಾ ದಾವೂದ್ ಬೀದರಿಯ ‘ತುಹ್ಫತುಸ್ಸಲಾತೀನ್’ ಹೆಸರಿನಲ್ಲಿ ಕೊಡುತ್ತಾನೆ. ಆಗ ದಾವೂದ್ ಹನ್ನೆರಡು ವರ್ಷದ ಹುಡುಗ, ಸುಲ್ತಾನನ ಮುದ್ರೆ ಹಿಡಿಯುವ ಸೇವಕ. ಅವನ ಗ್ರಂಥ ಉಳಿದಿಲ್ಲ. ನಮ್ಮ ಕೈಗೆ ಬಂದಿರುವುದು ಹುಡುಗನೊಬ್ಬ ಕಂಡದ್ದನ್ನು ಸುಮಾರು 240 ವರ್ಷಗಳ ತರುವಾಯ ಬಿಜಾಪುರದ ಆಸ್ಥಾನದಲ್ಲಿ ಕುಳಿತ ಫರಿಶ್ತಾ ತಿದ್ದಿ ಬರೆದ ರೂಪ. (ವಿಜಯನಗರದ ಅರಸ ಒಂದನೆಯ ಬುಕ್ಕನನ್ನು ‘ಕಿಶನ್ ರಾಯ’ ಎಂದು ಕರೆದವನೂ ಇವನೇ. ಅಷ್ಟಕ್ಕೇ ಅವನನ್ನು ಪೂರ್ತಿ ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ.) ಆ ಸಂಜೆಯ ವರ್ಣನೆಯಲ್ಲಿ ಬರುವ ಕೆನ್ನೆಗೇರಿದ ಕೆಂಪು, ಉಲ್ಲಾಸದ ವಸಂತ ಇವೆಲ್ಲ ಫಾರಸಿ ಆಸ್ಥಾನ ಗದ್ಯದ ಅಲಂಕಾರ. ಅದರಿಂದ ಬಟ್ಟಲಲ್ಲಿದ್ದ ದ್ರವ ಯಾವುದೆಂದು ಹೇಳಲಾಗದು, ಅದು ಯಾವ ಹೊಲದ್ದೆಂದಂತೂ ಹೇಳಲೇ ಆಗದು.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಹುಂಡಿ. ಪರರಾಜನ ಖಜಾನೆಯ ಮೇಲೆ ಹುಂಡಿ ಬರೆಯುವುದೆಂದರೆ ಅವನನ್ನು ಕಪ್ಪ ಕೊಡುವ ಸಾಮಂತನೆಂದು ಸಾರಿದಂತೆ. ಮಂತ್ರಿ ಹೆದರಿದ್ದು ಅದಕ್ಕೇ. ಅಮಲಿನ ಮಾತೆಂಬುದು ಅರಸನಿಗೆ ಹಿಂದೆ ಸರಿಯಲು ಮಂತ್ರಿ ತೆರೆದಿಟ್ಟ ದಾರಿ. ಅರಸ ಅದನ್ನು ಒಪ್ಪಲಿಲ್ಲ. 1900ರಲ್ಲಿ ಇತಿಹಾಸಕಾರ ರಾಬರ್ಟ್ ಸೀವೆಲ್ ಈ ಕಥೆಯನ್ನು ವಿಸ್ತಾರವಾಗಿ ಉದ್ಧರಿಸಿದ ಮೇಲೆ ರಸಿಕರ ಕಣ್ಣು ಬಟ್ಟಲಲ್ಲೇ ನೆಟ್ಟಿದೆ. ಇದೇ ಸುಲ್ತಾನ ಮುಂದೆ ದೌಲತಾಬಾದಿನ ಶೇಖ್ ಜೈನುದ್ದೀನರ ಒತ್ತಾಯಕ್ಕೆ ಮಣಿದು ಮದ್ಯದಂಗಡಿಗಳನ್ನು ಮುಚ್ಚಿಸಿದ ಸಂಗತಿ ಫರಿಶ್ತಾನಲ್ಲೇ ಇದೆ. ಅಲ್ಲಿಯೂ ಮಾತು ಅಂಗಡಿಗಳದ್ದು, ತೋಟದ್ದಲ್ಲ.

ಇಬ್ನ್ ಬತೂತಾ ದ್ರಾಕ್ಷಿಯ ಮಾತು ಎತ್ತಿದ್ದು ನಿಜ. ವರ್ಷಕ್ಕೆ ಎರಡು ಫಸಲು ಎಂದೂ ಬರೆದಿದ್ದಾನೆ. ಆದರೆ ಅದು ದೌಲತಾಬಾದಿನ ವಿಷಯ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ್ದು ಅಲ್ಲೇ, ರಾಜಧಾನಿ ಅಲ್ಲಿಂದ ಕಲಬುರಗಿಗೆ ಬಂತು, ಬಳ್ಳಿಯೂ ಜತೆಗೇ ಬಂದಿರಬೇಕು ಎಂದು ಆ ವಿದ್ವಾಂಸರು ವಾದಿಸುತ್ತಾರೆ. ‘ಬಂದಿರಬೇಕು’ ಎಂಬುದು ಯಾವ ದಾಖಲೆ?

ಇವರು ಅಫನಾಸಿ ನಿಕಿತಿನ್‌ನನ್ನು ತೆರೆದೇ ನೋಡಿದಂತಿಲ್ಲ. 1470ರ ಆಸುಪಾಸಿನಲ್ಲಿ ಬಹಮನಿ ಸೀಮೆ ಸುತ್ತಿದ ಈ ರಷ್ಯನ್ ವ್ಯಾಪಾರಿಗೆ ಅರಮನೆಯನ್ನು ಹೊಗಳುವ ಹಂಗಿರಲಿಲ್ಲ. ಜುನ್ನರಿನ ಪ್ರಸಂಗದಲ್ಲಿ ಜನರ ಪಾನೀಯದ ಮಾತು ಬಂದಾಗ ಅವನು ಹೇಳುವುದು ಹಿಂದೂಸ್ತಾನದ ದೊಡ್ಡ ಕಾಯಿ, ಎಂದರೆ ತೆಂಗು, ಮತ್ತು ಮರದಿಂದ ಬರುವ ಇನ್ನೊಂದು ಹುಳಿಪಾನೀಯ. ದ್ರಾಕ್ಷಿಯ ಸುಳಿವೇ ಇಲ್ಲ. ಜುನ್ನರ್ ಕಲಬುರಗಿಯಲ್ಲ, ಕಾಲವೂ ನೂರು ವರ್ಷ ಈಚಿನದು. ಹಾಗಿದ್ದರೂ ನಮ್ಮ ಭಾಗದ ಈಚಲ ಸಿಂದಿಗೆ ಈ ಸಾಕ್ಷ್ಯ ಹತ್ತಿರ.

ತೋಟವೊಂದರ ಮದ್ಯವೆಂದು ಹೇಳಲು ಎಂಥ ಪುರಾವೆ ಬೇಕೆಂಬುದನ್ನು ಫ್ರಾನ್ಸಿನಲ್ಲಿ ನೋಡಬೇಕು. ಬೋರ್ಡೋ ಬಳಿಯ ಓ-ಬ್ರಿಯಾನ್ ದ್ರಾಕ್ಷಿತೋಟ ಆಗ ಪೊಂಟಾಕ್ ಮನೆತನದ ಆಸ್ತಿಯಾಗಿತ್ತು. 1663ರ ಏಪ್ರಿಲ್ 10ರಂದು ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಅಲ್ಲಿನ ಮದ್ಯವನ್ನು ಕುಡಿದು, ತೋಟದ ಹೆಸರನ್ನು ತಪ್ಪು ಕಾಗುಣಿತದಲ್ಲಾದರೂ ದಿನಚರಿಯಲ್ಲಿ ಬರೆದ. ಬೋರ್ಡೋದ 1855ರ ವರ್ಗೀಕರಣ ಅದನ್ನು ಮೊದಲ ದರ್ಜೆಗೇರಿಸುವ ಹೊತ್ತಿಗೆ ಆ ಹೆಸರು ಎರಡು ಶತಮಾನ ಹಳೆಯದಾಗಿತ್ತು. ಮಾಲು, ಮಣ್ಣು, ಹೆಸರು ಮೂರೂ ಒಟ್ಟಿಗಿವೆ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸಿಗುವ ಕಮಲಾಪುರದ ಕೆಂಪು ಬಾಳೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ: ಊರಿನ ಹೆಸರು ಹಣ್ಣಿಗಿದೆ, ಭೌಗೋಳಿಕ ಸೂಚಿಕೆಯ ನೋಂದಣಿಯೂ ಆಗಿದೆ. ಸುಲ್ತಾನನ ದ್ರಾಕ್ಷಿಗೆ ಊರೂ ಇಲ್ಲ, ಹೊಲವೂ ಇಲ್ಲ. ಹುಡುಕಲೇಬೇಕೆಂದಿರುವವರು ಮೊದಲು ದೌಲತಾಬಾದಿಗೆ ಹೋಗಲಿ.