ಎರಡು ಹನಿ ಮತ್ತು ತಂದೆಯ ಒಪ್ಪಿಗೆ: ಪೋಲಿಯೋ ನಿರ್ಮೂಲನೆಯ ಇತಿಹಾಸದಿಂದ ಒಂದು ಪಾಠ



ಮಗುವಿನ ಆರೋಗ್ಯ ತಾಯಿಯ ಜವಾಬ್ದಾರಿ, ತಂದೆಯ ಕೆಲಸ ದುಡಿದು ತರುವುದಷ್ಟೇ ಎಂಬ ಭಾವನೆ ನಮ್ಮ ಅನೇಕ ಮನೆಗಳಲ್ಲಿ ಬೇರೂರಿದೆ. ಈ ಭಾವನೆಗೆ ಎಷ್ಟು ದೊಡ್ಡ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ನಮ್ಮ ದೇಶದ ಪೋಲಿಯೋ ನಿರ್ಮೂಲನೆಯ ಇತಿಹಾಸವನ್ನು ಒಮ್ಮೆ ಓದಬೇಕು. ಅದರಲ್ಲಿ ನಮ್ಮ ಸಮುದಾಯಕ್ಕೆ ನೋವು ತಂದ ಪುಟಗಳಿವೆ, ಹೆಮ್ಮೆ ತಂದ ಪುಟಗಳೂ ಇವೆ.

ಪೋಲಿಯೋ ವೈರಸ್ ಮುಖ್ಯವಾಗಿ ಮಲದಿಂದ ಕಲುಷಿತಗೊಂಡ ನೀರು, ಆಹಾರ ಮತ್ತು ಕೈಗಳ ಮೂಲಕ ಮಗುವಿನ ಹೊಟ್ಟೆ ಸೇರುತ್ತದೆ. ಸೋಂಕು ತಗುಲಿದ ಸುಮಾರು 200 ಮಕ್ಕಳಲ್ಲಿ ಒಬ್ಬರಿಗೆ ಶಾಶ್ವತವಾಗಿ ಕೈ ಅಥವಾ ಕಾಲಿನ ಸ್ವಾಧೀನ ತಪ್ಪುತ್ತದೆ. ಇದನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ, ತಡೆಯುವ ಲಸಿಕೆ ಮಾತ್ರ ಇದೆ. 1988ರಲ್ಲಿ ವಿಶ್ವ ಆರೋಗ್ಯ ಸಭೆಯು ಪೋಲಿಯೋ ನಿರ್ಮೂಲನೆಯ ನಿರ್ಣಯ ಕೈಗೊಂಡಾಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಇದಕ್ಕೆ ತುತ್ತಾಗುತ್ತಿದ್ದರು. ಭಾರತದಲ್ಲಿ 1995ರ ಡಿಸೆಂಬರ್‌ನಲ್ಲಿ ರಾಷ್ಟ್ರಮಟ್ಟದ ಪಲ್ಸ್ ಪೋಲಿಯೋ ಕಾರ್ಯಕ್ರಮ ಆರಂಭವಾಯಿತು.

ಕೆಲವೇ ವರ್ಷಗಳಲ್ಲಿ ರೋಗ ಬಹುಮಟ್ಟಿಗೆ ಇಳಿಯಿತು. ಆದರೆ 2002ರಲ್ಲಿ ಅದು ಮತ್ತೆ ತಲೆಯೆತ್ತಿತು. ಆ ಒಂದು ವರ್ಷದಲ್ಲಿ ದೇಶದಲ್ಲಿ 1,600 ಪ್ರಕರಣಗಳು ದಾಖಲಾದವು, ಅವುಗಳಲ್ಲಿ 1,242 ಉತ್ತರ ಪ್ರದೇಶವೊಂದರಲ್ಲೇ. ಮೊರಾದಾಬಾದ್, ರಾಂಪುರ, ಬದಾಯೂಂ ಮೊದಲಾದ ಪಶ್ಚಿಮದ ಜಿಲ್ಲೆಗಳು ರೋಗದ ನೆಲೆಗಳಾದವು. ಪೀಡಿತ ಮಕ್ಕಳಲ್ಲಿ ಮುಸ್ಲಿಂ ಮಕ್ಕಳ ಪಾಲು ಜನಸಂಖ್ಯೆಯ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿತ್ತು.

ಹೀಗೇಕಾಯಿತು? ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ, ಇದು ನಮ್ಮ ಜನಸಂಖ್ಯೆ ಕಡಿಮೆ ಮಾಡುವ ಸಂಚು ಎಂಬ ವದಂತಿ ಮೊಹಲ್ಲಾಗಳಲ್ಲಿ ಹಬ್ಬಿತ್ತು. ವದಂತಿ ಸುಳ್ಳು. ಆದರೆ ಜನ ಅದನ್ನು ನಂಬಿದ್ದಕ್ಕೆ ಕಾರಣವಿತ್ತು. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ನೆನಪು ಇನ್ನೂ ಮಾಸಿರಲಿಲ್ಲ. ಚರಂಡಿ ಇಲ್ಲ, ಶುದ್ಧ ನೀರಿಲ್ಲ, ಜ್ವರ ಬಂದರೆ ವೈದ್ಯರಿಲ್ಲ, ಪೋಲಿಯೋ ಹನಿ ಮಾತ್ರ ಪದೇ ಪದೇ ಮನೆ ಬಾಗಿಲಿಗೆ ಏಕೆ ಬರುತ್ತದೆ ಎಂದು ಜನ ಕೇಳಿದರು. ಆ ಪ್ರಶ್ನೆಯನ್ನು ತಪ್ಪೆನ್ನಲಾಗದು.

ಇಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಲಸಿಕೆ ತಂಡದವರು ಹಗಲಿನಲ್ಲಿ ಬರುತ್ತಿದ್ದರು. ಗಂಡಸರು ಹಿತ್ತಾಳೆ ಕಾರ್ಖಾನೆಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ, ಹೊಲಗಳಲ್ಲಿ ಇರುತ್ತಿದ್ದರು. ಬಾಗಿಲಲ್ಲಿ ನಿಂತ ತಾಯಿ, "ಅವರು ಮನೆಯಲ್ಲಿಲ್ಲ, ಅವರನ್ನು ಕೇಳದೆ ಹಾಕಿಸಲಾರೆ" ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಿಳಿವಳಿಕೆ ಹೇಳುತ್ತಿದ್ದುದು ತಾಯಿಗೆ, ತೀರ್ಮಾನ ಇದ್ದುದು ತಂದೆಯ ಕೈಯಲ್ಲಿ.

ಈ ಪಾಠ ಕಲಿತ ಮೇಲೆ ಕೆಲಸದ ರೀತಿ ಬದಲಾಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಮತ್ತು ಜಾಮಿಯಾ ಹಮ್ದರ್ದ್ ಈ ಕಾರ್ಯದಲ್ಲಿ ಯುನಿಸೆಫ್‌ನೊಂದಿಗೆ ಕೈಜೋಡಿಸಿದವು. ಯುನಿಸೆಫ್ ಮತ್ತು ಸ್ವಯಂಸೇವಾ ಸಂಸ್ಥೆಗಳ ಜಾಲವು ಆಯಾ ಮೊಹಲ್ಲಾದ ಮಹಿಳೆಯರನ್ನೇ ಕಾರ್ಯಕರ್ತೆಯರನ್ನಾಗಿ ನೇಮಿಸಿತು. ತಂದೆಯರನ್ನು ಅವರು ಸಿಗುವ ಜಾಗದಲ್ಲೇ ಹುಡುಕಿಕೊಂಡು ಹೋಗುವ ಕ್ರಮ ಬಂತು. ಅವರಿಗಾಗಿಯೇ ಸಭೆಗಳು ನಡೆದವು. ಇಟ್ಟಿಗೆ ಭಟ್ಟಿಗಳಲ್ಲಿ ಮಾತುಕತೆಯಾಯಿತು. ಕ್ಷೌರಿಕರಿಗೆ ತಿಳಿವಳಿಕೆ ನೀಡಿ, ಕ್ಷೌರಕ್ಕೆ ಬಂದವರೊಡನೆ ಮಕ್ಕಳ ಲಸಿಕೆಯ ಬಗ್ಗೆ ಮಾತನಾಡುವಂತೆ ಮಾಡಲಾಯಿತು. ಇಮಾಮರು ಮಸೀದಿಯ ಧ್ವನಿವರ್ಧಕದಲ್ಲಿ ಲಸಿಕೆಯ ದಿನವನ್ನು ಸಾರಿದರು. ಉಲಮಾಗಳು ವದಂತಿಗಳಿಗೆ ಉತ್ತರ ಕೊಟ್ಟರು.

ಮಾತು ಎರಡು ಹನಿಗಳಿಗೇ ನಿಲ್ಲಲಿಲ್ಲ. ಮತ್ತೆ ಮತ್ತೆ ಭೇದಿಯಾಗುವ ಮಕ್ಕಳಲ್ಲಿ ಹನಿಯ ಪರಿಣಾಮ ಕುಂದುತ್ತದೆ. ಹಲವು ಬಾರಿ ಹಾಕಿಸಿದರೂ ಕೆಲವು ಮಕ್ಕಳಿಗೆ ಪೋಲಿಯೋ ಬಂದುದಕ್ಕೆ ಇದೇ ಒಂದು ಕಾರಣ. ಆದ್ದರಿಂದ ಉತ್ತರ ಪ್ರದೇಶ ಮತ್ತು ಬಿಹಾರದ ಅತ್ಯಂತ ಅಪಾಯದ 107 ಬ್ಲಾಕುಗಳಲ್ಲಿ ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಸಾಬೂನಿನಿಂದ ಕೈ ತೊಳೆಯುವುದು, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ಎಂಬ ವಿಷಯಗಳನ್ನೂ ಮನೆಮನೆಗೆ ಮುಟ್ಟಿಸಲಾಯಿತು. ಜೊತೆಗೆ 2005ರಿಂದ ಹೆಚ್ಚು ಪರಿಣಾಮಕಾರಿಯಾದ ಹೊಸ ಲಸಿಕೆಗಳು ಬಂದವು.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. 2009ರಲ್ಲಿ 741 ಪ್ರಕರಣಗಳು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಕಂಡುಬಂದ ಪ್ರಕರಣವೇ ಭಾರತದಲ್ಲಿ ಸ್ವಾಭಾವಿಕ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಈ ಯಶಸ್ಸಿನಲ್ಲಿ ವಿಜ್ಞಾನದ ಪಾಲಿದೆ, ಸರ್ಕಾರದ ಪಾಲಿದೆ, ಬಿಸಿಲಲ್ಲಿ ಮನೆಮನೆ ಅಲೆದ ಮಹಿಳೆಯರ ಪಾಲಿದೆ. "ಹಾಕಿಸು" ಎಂದು ಹೇಳಿದ ತಂದೆಯರ ಪಾಲೂ ಇದೆ.

ಓದುಗರೇ, ಈ ಇತಿಹಾಸ ನಮಗೆ ಏನನ್ನು ಕಲಿಸುತ್ತದೆ? ದಡಾರ, ಗಂಟಲುಮಾರಿ, ನ್ಯುಮೋನಿಯಾ, ಭೇದಿ ಇನ್ನೂ ನಮ್ಮ ನಡುವೆ ಇವೆ. ಇವುಗಳ ವಿಷಯದಲ್ಲೂ ತಂದೆ ತಿಳಿದವನಾದರೆ ಮಗು ಉಳಿಯುತ್ತದೆ. ಮಗುವಿಗೆ ಹಾಲು ಬಿಡಿಸುವ ತೀರ್ಮಾನವನ್ನೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿ ಕೈಗೊಳ್ಳುವ ಮಾತು ಕುರ್‌ಆನಿನ ಅಲ್ ಬಕರಃ ಅಧ್ಯಾಯದ 233ನೇ ವಚನದಲ್ಲಿದೆ. ಹೀಗಿರುವಾಗ ಲಸಿಕೆ, ಆಹಾರ, ಔಷಧಿಗಳ ವಿಷಯ ಹೆಂಗಸರದ್ದು ಎಂದು ಕೈತೊಳೆದುಕೊಳ್ಳುವುದು ಹೇಗೆ ಸರಿಯಾದೀತು?

ತಂದೆಯಾದವರು ಮಗುವಿನ ಲಸಿಕೆ ಕಾರ್ಡನ್ನು ಕೈಗೆತ್ತಿಕೊಂಡು ಮುಂದಿನ ದಿನಾಂಕ ನೋಡಿಕೊಳ್ಳಲಿ. ಗರ್ಭಿಣಿ ಪತ್ನಿಯೊಡನೆ ತಪಾಸಣೆಗೆ ಹೋಗಲಿ, ವೈದ್ಯರ ಮಾತನ್ನು ಸ್ವತಃ ಕೇಳಲಿ. ಭೇದಿಯಾದಾಗ ಓಆರ್‌ಎಸ್ ಕಲಸುವುದನ್ನು ಕಲಿಯಲಿ. ಎಳೆ ಮಗುವಿರುವ ಮನೆಯೊಳಗೆ ಬೀಡಿ ಸಿಗರೇಟು ಸೇದದಿರಲಿ. ಸಂಶಯ ಬಂದರೆ ವದಂತಿಯನ್ನು ನಂಬದೆ ತಿಳಿದವರನ್ನು ಕೇಳಲಿ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವರ ಲಸಿಕೆ ಕಾರ್ಡನ್ನು ಓದಿ ಹೇಳುವ ಕೆಲಸ ನೀವು ಇಂದೇ ಮಾಡಬಹುದು. ಓದಿ ಹೇಳುವಾಗ ಆ ಮಗುವಿನ ಅಮ್ಮನ ಜೊತೆಗೆ ಅಬ್ಬನನ್ನೂ ಕೂರಿಸಿಕೊಳ್ಳಿ.