ಮಲ್ಪೆಯ ಮರಳದಂಡೆ: ರಂಪಣಿಯಿಂದ ವಿಹಾರತಾಣದವರೆಗೆ

ಉಡುಪಿಯ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದ ಮಲ್ಪೆ ಇಂದು ಒಂದೆಡೆ ಮೀನುಗಾರಿಕಾ ಬಂದರು, ಇನ್ನೊಂದೆಡೆ ಕಡಲ ವಿಹಾರತಾಣ. ಪ್ರವಾಸೋದ್ಯಮವು ಬೆಸ್ತರನ್ನು ತೀರದಿಂದ ಹೊರದೂಡಿತೆಂಬ ವಿವರಣೆ ಇಂಥ ಊರುಗಳ ಬಗೆಗೆ ಸಾಮಾನ್ಯವಾಗಿ ಕೇಳಿಬರುತ್ತದೆ. ಮಲ್ಪೆಯಲ್ಲಿ ಘಟನೆಗಳ ಕ್ರಮ ಬೇರೆ. ಇಲ್ಲಿ ಮರಳದಂಡೆಯು ಮೊದಲು ದುಡಿಮೆಯಿಂದ ಬರಿದಾಯಿತು. ವಿಹಾರಾರ್ಥಿಗಳು ಬಂದದ್ದು ಅನಂತರ.

ಹೊರಗಿನವರ ಆಗಮನವು ಈ ತೀರಕ್ಕೆ ಹೊಸತಲ್ಲ. ಉಡುಪಿಯ ಕೃಷ್ಣಮೂರ್ತಿಯು ಮಧ್ವಾಚಾರ್ಯರಿಗೆ ದೊರೆತುದು ಮಲ್ಪೆಯ ಕಡಲಿನಲ್ಲಿ ಎಂಬ ಐತಿಹ್ಯವಿದೆ. ವಡಭಾಂಡೇಶ್ವರದ ಬಲರಾಮ ದೇವಾಲಯಕ್ಕೂ ಅಮಾವಾಸ್ಯೆಯ ಸಮುದ್ರಸ್ನಾನಕ್ಕೂ ಜನ ಬರುತ್ತಿದ್ದರು. ಆದರೆ ಯಾತ್ರಿಕರು ಮಿಂದು ಮರಳುತ್ತಿದ್ದರು. ದಂಡೆಯು ಉಳಿದಂತೆ ಮೊಗವೀರರ ಕೆಲಸದ ನೆಲವಾಗಿತ್ತು.

ಆ ಕೆಲಸದ ಕೇಂದ್ರದಲ್ಲಿದ್ದುದು ರಂಪಣಿ. ಮಳೆಗಾಲ ಕಳೆದು ಬಂಗುಡೆ, ಬೂತಾಯಿಗಳ ಹಿಂಡು ತೀರದತ್ತ ಬಂದಾಗ ದೋಣಿಯೊಂದು ಈ ಭಾರಿ ಬಲೆಯನ್ನು ಅರ್ಧವೃತ್ತಾಕಾರವಾಗಿ ಬಿಡುತ್ತ ಸಾಗುತ್ತಿತ್ತು. ಬಲೆಯ ಎರಡು ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಜನ ಎಳೆಯುತ್ತಿದ್ದರು. ಬಲೆ ಒಬ್ಬನದಾಗಿರದೆ ತಂಡದ್ದಾಗಿರುತ್ತಿತ್ತು. ಮೀನು ಪಾಲಿನಂತೆ ಹಂಚಿಹೋಗುತ್ತಿತ್ತು. ದಡಕ್ಕೆ ಬಂದ ಮೀನನ್ನು ಮನೆಯ ಹೆಂಗಸರು ಅಲ್ಲಿಯೇ ಪಡೆದು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದರು. ಮಿಕ್ಕದ್ದು ಮರಳಿನ ಮೇಲೆ ಒಣಗುತ್ತಿತ್ತು, ಅಥವಾ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಬಲೆ ಎಳೆಯಲು, ಹರಡಿ ಒಣಗಿಸಲು, ಹಿಂಡಿನ ದಾರಿ ಕಾಯಲು ಬೇಕಾಗಿದ್ದುದು ತಡೆಯಿಲ್ಲದ ವಿಶಾಲ ದಂಡೆ. ಅದು ಯಾರದೂ ಆಗಿರಲಿಲ್ಲ ಎನ್ನುವುದಕ್ಕಿಂತ ತಂಡಗಳೆಲ್ಲದರದೂ ಆಗಿತ್ತು ಎನ್ನುವುದು ಸರಿ.

1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಇವು ಮೀನಿನ ಹಿಂಡನ್ನು ದಡ ಸಮೀಪಿಸುವ ಮುನ್ನವೇ ಸುತ್ತುವರಿದು ಹಿಡಿಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ರಂಪಣಿ ನೆಲಕಚ್ಚಿತು. ಸಂಘರ್ಷ ನಡೆಯಿತು, ಆದರೆ ರಂಪಣಿಯವರಲ್ಲೇ ಹಲವರು ಗುಂಪು ಕಟ್ಟಿ ಪರ್ಸೀನ್ ಕಡೆಗೆ ಸರಿದರೆಂಬುದನ್ನೂ ಮರೆಯಲಾಗದು. ಆದ್ದರಿಂದ ಇದನ್ನು ಕೇವಲ ಹೊರಗಿನ ಬಂಡವಾಳದ ಆಕ್ರಮಣವೆಂದು ಬಣ್ಣಿಸುವುದು ಸಾಧುವಲ್ಲ. ಮೀನುಗಾರಿಕೆ ನಾಶವಾಗಲಿಲ್ಲ, ಉದ್ಯಾವರ ಹೊಳೆಯ ಅಳಿವೆಯ ಬಂದರಿಗೆ ಸ್ಥಳಾಂತರಗೊಂಡಿತು. ಮಂಜುಗಡ್ಡೆ, ಹರಾಜು, ಲಾರಿ ಎಲ್ಲವೂ ಅಲ್ಲಿ ಕೂಡಿಕೊಂಡವು. ಪಾಲಿನ ಮೀನು ಪಡೆಯುತ್ತಿದ್ದ ಹೆಂಗಸರು ಹರಾಜಿನಲ್ಲಿ ದೊಡ್ಡ ವ್ಯಾಪಾರಿಗಳೊಡನೆ ಸೆಣಸಬೇಕಾಯಿತು. ಈ ಪಲ್ಲಟದಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಬಹುಶಃ ಅವರೇ.

ಹೀಗೆ ತೆರವಾದ ಮರಳು ಹೊಸ ಉಪಯೋಗಕ್ಕೆ ಒದಗಿತು. ಸ್ತಂಭಾಕಾರದ ಶಿಲೆಗಳ ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯೇ ಹೆಬ್ಬಾಗಿಲು. 2016ರ ಜನವರಿಯಲ್ಲಿ ಕಡಲತೀರಕ್ಕೆ ಉಚಿತ ವೈಫೈ ಬಂದಿತು. 2022ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡ ತೇಲುಸೇತುವೆಯು ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಸಿಕ್ಕಿ ಹಾನಿಗೊಂಡಿತು. ಮುಂಗಾರಿನ ಮುನ್ನಿನ ಕಡಲಿನ ಸ್ವಭಾವವನ್ನು ಯಾವ ಮೊಗವೀರ ಹಿರಿಯನಾದರೂ ಹೇಳಬಲ್ಲವನಾಗಿದ್ದ.

ಕಾನೂನಿನ ನಡೆ ಇಲ್ಲಿ ವಿಚಾರಾರ್ಹ. ಕರ್ನಾಟಕದ 1986ರ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆಯು ಗಮನಿಸಿದ್ದು ನೀರನ್ನು, ಮರಳನ್ನಲ್ಲ. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಕಟ್ಟಡಗಳಿಗೆ ಮಿತಿ ಹಾಕಿತು. 2011ರ ಅಧಿಸೂಚನೆಯು ಮೀನುಗಾರ ಸಮುದಾಯಗಳ ಸಾಮಾನ್ಯ ಸ್ವತ್ತುಗಳನ್ನೂ ಮೀನು ಒಣಗಿಸುವ ಜಾಗಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದಿತು. ಅಷ್ಟರಲ್ಲಿ ದೊಡ್ಡ ರಂಪಣಿ ಮರೆಯಾಗಿ ಮೂರು ದಶಕಗಳಾಗಿದ್ದವು. ಬಳಕೆ ನಿಂತ ಬಳಿಕ ಗುರುತಿಸುವುದೇನನ್ನು? 2019ರ ಅಧಿಸೂಚನೆಯು ಕಡಲತೀರದಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ಅವಕಾಶ ನೀಡಿತು. ಸ್ಥಳೀಯರ ಮನೆಗಳಲ್ಲಿ ಹೋಂಸ್ಟೇಗೂ ಅನುವು ಮಾಡಿಕೊಟ್ಟಿತು. ಹಕ್ಕುಪತ್ರವಿಲ್ಲದೆ, ಕೇವಲ ರೂಢಿಯ ಬಲದಿಂದ ನಿಂತಿದ್ದ ಅಧಿಕಾರವನ್ನು ಮೀನುಗಾರರು ಈಗ ಪರವಾನಗಿಯ ಭಾಷೆಯಲ್ಲಿ ಕೇಳಬೇಕಾಗಿದೆ.

ರಂಪಣಿಯ ಕಿರಿಯ ರೂಪವಾದ ಕೈರಂಪಣಿ ಮಲ್ಪೆಯ ಆಸುಪಾಸಿನ ತೀರಗಳಲ್ಲಿ ಇನ್ನೂ ಉಳಿದಿದೆ. ಅದನ್ನು ಎಳೆಯಲು ಇಂದಿಗೂ ಬೇಕಾಗಿರುವುದು ತೆರೆದ ಮರಳು.