ಕುರುಕ್ಷೇತ್ರಕ್ಕೆ ಬಂದ ಕಾಲರ್ ಮೈಕು

ಗುಬ್ಬಿ ಕಂಪನಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ವೀರಣ್ಣನವರಿಂದ ಆರಂಭಿಸುತ್ತಾರೆ. ಅದು ಸಹಜವೇ. ಆದರೆ 1884ರಲ್ಲಿ ಆ ಮಂಡಳಿಯನ್ನು ಕಟ್ಟಿದಾಗ ವೀರಣ್ಣ ಇನ್ನೂ ಹುಟ್ಟಿರಲಿಲ್ಲ. ಕಟ್ಟಿದವರು ಚಂದಣ್ಣ ಮತ್ತು ಅವರ ಇಬ್ಬರು ಗೆಳೆಯರು. ನೀಲಕಂಠಪ್ಪ ಒಬ್ಬರು, ಅಬ್ದುಲ್ ಅಜೀಜ್ ಸಾಹೇಬರು ಇನ್ನೊಬ್ಬರು. ಸಂಘಕ್ಕೆ ಊರಿನ ದೇವರಾದ ಚನ್ನಬಸವೇಶ್ವರನ ಹೆಸರಿಟ್ಟರು. ಈ ಸಂಗತಿ ನನಗೆ ಗೊತ್ತಾದದ್ದು ಬಹಳ ತಡವಾಗಿ. ಅಷ್ಟರಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ಸುತ್ತಿನ ನಾಟಕಗಳ ಮಗ್ಗುಲಲ್ಲಿ ಇನ್ನೊಬ್ಬ ಸಾಹೇಬರನ್ನು ನಾನು ಎಷ್ಟೋ ರಾತ್ರಿ ಕಂಡಿದ್ದೆ. ಅವರು ನನ್ನ ಮಾಮು. ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ರಜೆಯಲ್ಲಿ ವೈರ್ ಸುತ್ತುವ ಕೆಲಸ ನನ್ನದು.

ಮೈಕಿಲ್ಲದ ಕಾಲದ ರಂಗಭೂಮಿ ಕೊರಳಿನ ರಂಗಭೂಮಿ. ರತ್ನಾವಳಿ ಕಂಪನಿಯ ವರದಾಚಾರ್ಯರನ್ನು ಇಂದಿಗೂ ನೆನೆಯುವುದು ಅವರ ಕಂಠಕ್ಕಾಗಿ. ಮೈಸೂರಿನ ಚಂದ್ರಕಲಾ ನಾಟಕ ಸಭೆಯ ಮಹಮದ್ ಪೀರ್ ಅವರದು ಮಾತಿನ ಅಭಿನಯದಲ್ಲಿ ದೊಡ್ಡ ಹೆಸರು. ನೆಲದ ಟಿಕೆಟ್ಟಿನವನಿಗೂ ಕೇಳುವಂತೆ ಹಾಡಿ, ಕೇಳುವಂತೆ ಪಿಸುಗುಟ್ಟಬೇಕಿತ್ತು. ಪಿಸುಮಾತನ್ನು ಕಿರುಚಿ ಹೇಳುವ ಆ ವಿದ್ಯೆ ಬಾರದವನಿಗೆ ಪಾತ್ರವಿಲ್ಲ. ಮುಂದೆ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಆನೆ ತರಬಹುದು, ಆದರೆ ಕೊರಳನ್ನು ಬಾಡಿಗೆಗೆ ತರುವಂತಿರಲಿಲ್ಲ.

ಬಾಡಿಗೆಗೆ ಕೊರಳು ಸಿಕ್ಕಿದ್ದು ಮೈಕು ಬಂದ ಮೇಲೆ. ಕಂಪನಿಗಳು ಕರಗಿದರೂ ಕುರುಕ್ಷೇತ್ರ ನಮ್ಮ ಜಿಲ್ಲೆಯಲ್ಲಿ ಸಾಯಲಿಲ್ಲ. ರೈತರು, ಮೇಷ್ಟ್ರುಗಳು, ಕಂಡಕ್ಟರುಗಳು ಪಾತ್ರಕ್ಕೆ ಇಷ್ಟೆಂದು ತಾವೇ ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರಿಂದ ತಿಂಗಳುಗಟ್ಟಲೆ ಕಲಿತು ಆಡುವ ನಾಟಕ ಅದಾಯಿತು. ಇವರಲ್ಲಿ ಹಲವರದು ದೊಡ್ಡ ಕಂಠವಲ್ಲ. ಮೈಕು ಅವರ ಕೈ ಹಿಡಿಯಿತು, ಆದರೆ ಕಾಲು ಕಟ್ಟಿಹಾಕಿತು. ಮಾಮು ರಂಗದ ಮುಂದೆ ಮೂರು ಮೈಕು ಇಳಿಬಿಡುತ್ತಿದ್ದರು. ದುರ್ಯೋಧನ ಎಲ್ಲೇ ಅಬ್ಬರಿಸಲಿ, ಹಾಡು ಬಂದ ಕೂಡಲೇ ನಡುವಿನ ಮೈಕಿಗೆ ಓಡಿ ಬರಬೇಕು. ಕೃಷ್ಣನೂ ಅದೇ ಮೈಕಿಗೆ ಬಂದರೆ ಸಂಧಾನಕ್ಕೆ ಮೊದಲೇ ಯುದ್ಧ. ಮಂಡಿಯೂರಿದ ಕರ್ಣನ ಮಾತು ಮೂರನೇ ಸಾಲಿಗೂ ಮುಟ್ಟುತ್ತಿರಲಿಲ್ಲ. ಹಾರನ್ನು ರಂಗದ ಕಡೆ ಸ್ವಲ್ಪ ತಿರುಗಿದ್ದರೆ ಮೈಕು ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ‘ಕುಂಯ್’ ಎಂದು ಕೂಗುತ್ತಿತ್ತು.

ಓಡಾಡುವ ನಟನಿಗೆ ತಂತಿ ತೊಡಕು ಎಂಬ ಕಷ್ಟ ನಮ್ಮೊಬ್ಬರದಲ್ಲ. ಇಂಗ್ಲೆಂಡಿನ ರೆಜ್ ಮೂರ್ಸ್ ಎಂಬಾತ 1947ರಲ್ಲಿ ತಂತಿಯಿಲ್ಲದ ಮೈಕೊಂದನ್ನು ಮಾಡಿ, 1949ರಲ್ಲಿ ಬ್ರೈಟನ್‌ನಲ್ಲಿ ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಅಲಾದೀನ್ ಪ್ರದರ್ಶನದಲ್ಲಿ ಬಳಸಿದ. ಪರವಾನಗಿಯಿಲ್ಲದ ತರಂಗಾಂತರದಲ್ಲಿ ಕೆಲಸ ಮಾಡಿದ್ದರಿಂದ ಪೇಟೆಂಟ್ ಪಡೆಯುವ ಗೋಜಿಗೆ ಹೋಗಲಿಲ್ಲವಂತೆ. 1953ರಲ್ಲಿ ಅಮೆರಿಕದ ಶೂರ್ ಕಂಪನಿಯ ಕೈಮೈಕು, 1957ರಲ್ಲಿ ಜರ್ಮನಿಯ ಸೆನ್‌ಹೈಸರ್ ಅವರದು ಬಂದವು. 1976ರಲ್ಲಿ ಜಾನ್ ನೇಡಿ ಎಂಬಾತ ದನಿಯ ಏರಿಳಿತವನ್ನು ಕಳಿಸುವಾಗ ಅದುಮಿ, ಪಡೆಯುವಾಗ ಹಿಗ್ಗಿಸುವ ಉಪಾಯವನ್ನು ಈ ಮೈಕುಗಳಿಗೆ ತಂದ ಮೇಲೆ ಗೊರಗೊರ ಬಹಳಷ್ಟು ಕಡಿಮೆಯಾಯಿತು. ಅಂಗಿಗೆ ಸಿಕ್ಕಿಸುವ ಕಾಳಿನಷ್ಟು ಮೈಕು, ಸೊಂಟಕ್ಕೊಂದು ಪುಟ್ಟ ಪೆಟ್ಟಿಗೆ, ಅತ್ತ ಆಂಪ್ಲಿಫೈಯರ್ ಪಕ್ಕ ಕೊಂಬಿರುವ ರಿಸೀವರ್. ಇಷ್ಟೇ ಅದರ ಸಂಸಾರ.

ಮಾಮು ಎರಡು ಕಾಲರ್ ಮೈಕು ತಂದದ್ದು ನಾನು ಕಾಲೇಜು ಮುಗಿಸಿದ ಹೊತ್ತಿಗೆ. ಕುಣಿಗಲ್ ಕಡೆಯ ಒಂದೂರಲ್ಲಿ ಮೊದಲ ಪ್ರಯೋಗ. ದುರ್ಯೋಧನ ರಂಗದ ಮೂಲೆಯಲ್ಲಿ ನಿಂತು ನುಡಿದರೂ ಊರಾಚೆ ಕೇಳಿಸಿತು. ಜನ ಸಿಳ್ಳೆ ಹಾಕಿದರು. ಆತ ಒಳಗೆ ಹೋಗಿ ಬೀಡಿಗೆ ಬೆಂಕಿ ಕೇಳುತ್ತಾ ಪೆಟ್ಟಿಗೆಯ ಸ್ವಿಚ್ ಆಫ್ ಮಾಡಿದ. ಮರುಕ್ಷಣ, ಗಾಂಧಾರಿ ಕಣ್ಣೀರಿಡುತ್ತಿರುವಾಗ, ನಮ್ಮ ಬಾಕ್ಸುಗಳಿಂದ ‘ಊಟಕ್ಕೆ ಎಲೆ ಹಾಕಿದೆ, ಹೆಣ್ಣಿನ ಕಡೆಯವರು ದಯಮಾಡಿಸಿ’ ಎಂಬ ದನಿ! ಹತ್ತಿರದ ಛತ್ರದಲ್ಲಿ ನಾಳಿನ ಮದುವೆಯ ಆರತಕ್ಷತೆ. ಅಲ್ಲಿಯೂ ಅದೇ ತರಂಗಾಂತರದ ಮೈಕು.

ಆ ರಾತ್ರಿ ಮಾಮು ಕಲಿತದ್ದನ್ನು ಕಡೆಯವರೆಗೂ ಮರೆಯಲಿಲ್ಲ. ನಮ್ಮ ಮೈಕಿನ ತರಂಗ ಗಟ್ಟಿಯಾಗಿರುವವರೆಗೆ ರಿಸೀವರ್ ಅದನ್ನೇ ಹಿಡಿದು ದೂರದ್ದನ್ನು ಅದುಮಿಡುತ್ತದೆ. ನಮ್ಮದು ನಿಂತೊಡನೆ ಅದು ಬಾಗಿಲು ತೆರೆದ ಮನೆ, ಯಾರು ಬೇಕಾದರೂ ಒಳಗೆ ಬರಬಹುದು. ಆದ್ದರಿಂದ ಮೊದಲು ಮಿಕ್ಸರಿನಲ್ಲಿ ದನಿ ಇಳಿಸಬೇಕು, ಆಮೇಲೆ ಪೆಟ್ಟಿಗೆ ಆರಿಸಬೇಕು. ಸಂಜೆಯೇ ರಿಸೀವರ್ ಒಂದನ್ನೇ ಹಚ್ಚಿ, ಪೆಟ್ಟಿಗೆಗಳನ್ನು ಆರಿಸಿಟ್ಟು, ಅದರ ದೀಪ ತಾನಾಗಿ ಹೊತ್ತುತ್ತದೆಯೇ ಎಂದು ನೋಡಬೇಕು. ಹೊತ್ತಿದರೆ ಆ ಚಾನೆಲ್ ಬೇರೆ ಯಾರದ್ದೋ ಆಗಿದೆ.

ಆದರೆ ಪೌರಾಣಿಕ ನಾಟಕದ ತೊಂದರೆಗಳು ಕಂಪನಿಯ ಕೈಪಿಡಿಯಲ್ಲಿ ಇರುವುದಿಲ್ಲ. ತಗಡಿನ ಎದೆಕವಚ, ಭುಜಕೀರ್ತಿ, ಜರಿ. ಲೋಹ ತರಂಗವನ್ನು ತಡೆಯುತ್ತದೆ. ಮನುಷ್ಯನ ಮೈಯೂ, ನೀರೇ ಹೆಚ್ಚಿರುವುದರಿಂದ, ಅದನ್ನು ಹೀರುತ್ತದೆ. ಪೆಟ್ಟಿಗೆಯನ್ನು ಭೀಮನ ಡಾಬಿನ ಕೆಳಗೆ ಬಿಗಿದು ಆಂಟೆನಾ ಮೈಗೆ ಒತ್ತಿದರೆ ಅರ್ಧ ದನಿ ಅಲ್ಲೇ ಮುಗಿಯಿತು. ಮಾಮು ಅದನ್ನು ಬೆನ್ನ ಹಿಂದೆ ಕಟ್ಟಿ, ಬಾಲವನ್ನು ನೇರವಾಗಿ ಇಳಿಬಿಟ್ಟು, ರಿಸೀವರನ್ನು ರಂಗದ ಪಕ್ಕಕ್ಕೇ ತಂದು ಎತ್ತರದಲ್ಲಿಟ್ಟರು. ನಟನಿಗೂ ಕೊಂಬಿಗೂ ನಡುವೆ ತಗಡಿನ ಶೀಟು ಇರಕೂಡದು. ಹಳೆಯ 200 ಮೆಗಾಹರ್ಟ್ಸ್ ಮೈಕಿನ ತರಂಗದ ಉದ್ದ ಒಂದೂವರೆ ಮೀಟರ್. ಆಂಟೆನಾ ಅದರ ಕಾಲುಭಾಗ ಇರಬೇಕಾದ್ದರಿಂದ ಮೊಳದ ಹತ್ತಿರದ ಬಾಲ. ಆಮೇಲೆ ಬಂದ 600ರ ಮೈಕಿಗೆ ಗೇಣಿಗಿಂತ ಕಡಿಮೆ ಸಾಕಾಯಿತು. ಆದರೆ ಆ ತರಂಗ ತಗಡಿಗೂ ಗೋಡೆಗೂ ಬಡಿದು ತಿರುಗಿ ಬಂದು ತನ್ನನ್ನೇ ಅಳಿಸಿಕೊಳ್ಳುತ್ತದೆ. ಅರ್ಜುನ ಒಂದು ಹೆಜ್ಜೆ ಇಟ್ಟರೆ ದನಿ ಮಾಯ, ಇನ್ನೊಂದಿಟ್ಟರೆ ಹಾಜರ್. ಒಂದು ಕೊಂಬಿಗೆ ಸಿಗದ್ದನ್ನು ಇನ್ನೊಂದರಿಂದ ಹಿಡಿಯುವ ಎರಡು ಕೊಂಬಿನ ರಿಸೀವರ್ ಹುಟ್ಟಿದ್ದು ಇದಕ್ಕಾಗಿಯೇ.

ಮೈಕು ನಾಲ್ಕಾದಾಗ ಹೊಸ ತಕರಾರು. 600, 601, 602 ಎಂದು ಸಮನಾಗಿ ಅಂತರ ಬಿಟ್ಟು ಹಚ್ಚಿದರೆ ಮೊದಲೆರಡು ಕೂಡಿ ಮೂರನೆಯದರ ಮೇಲೆಯೇ ತಮ್ಮ ಪಿಶಾಚಿಯನ್ನು ಹುಟ್ಟಿಸುತ್ತವೆ. 601ರ ಎರಡರಷ್ಟರಿಂದ 600 ಕಳೆದರೆ 602 ತಾನೆ? ಅಂತರವನ್ನು ಬೇಕೆಂದೇ ಒರಟಾಗಿಡಬೇಕು, 600, 601, 602.6 ಹೀಗೆ. ಓದು ಏಳನೇ ತರಗತಿಗೆ ನಿಂತಿದ್ದ ಮಾಮು ಈ ಲೆಕ್ಕವನ್ನು ಸಿಗರೇಟ್ ಪ್ಯಾಕಿನ ಹಿಂದೆ ಉರ್ದುವಿನಲ್ಲಿ ಬರೆದಿಟ್ಟುಕೊಂಡಿದ್ದರು. ಇಪ್ಪತ್ತು ಪಾತ್ರಕ್ಕೆ ನಾಲ್ಕೇ ಮೈಕು. ಸತ್ತ ಅಭಿಮನ್ಯುವಿನ ಸೊಂಟದಿಂದ ಬಿಚ್ಚಿ ಕರ್ಣನಿಗೆ ಕಟ್ಟುವುದು ನನ್ನ ಕೆಲಸ. ಬೆವರಿನಿಂದ ಮೈಕು ಕೆಡದಂತೆ ಬಟ್ಟೆಯ ಮೇಲ್ಭಾಗದಲ್ಲಿ ಪ್ಲಾಸ್ಟರ್ ಹಚ್ಚಿ ನಿಲ್ಲಿಸುತ್ತಿದ್ದೆ. ದುರ್ಯೋಧನ ವೈಶಂಪಾಯನ ಸರೋವರ ಸೇರುವುದು ಬೆಳಗಿನ ಜಾವ. ಸಂಜೆ ಹಾಕಿದ ಬ್ಯಾಟರಿ ಸಾಯುವುದೂ ಆ ಹೊತ್ತಿಗೇ. ‘ಬೇಟಾ, ಮೂರು ಗಂಟೆ. ಸೆಲ್ ಬದಲಾಯಿಸು’ ಎಂದು ಮಾಮು ತೂಕಡಿಸುತ್ತಲೇ ಹೇಳುತ್ತಿದ್ದರು.

ಈ ಪೆಟ್ಟಿಗೆಯಿಂದ ಬರುವ ದನಿ ಯಾರದು? ನಮ್ಮ ಉಲೇಮಾಗಳು ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಚರ್ಚಿಸಿದ್ದಾರೆ. ದೊಡ್ಡ ಜಮಾತಿನಲ್ಲಿ ಇಮಾಮರ ತಕ್ಬೀರನ್ನು ಹಿಂದಿನ ಸಾಲಿಗೆ ಕೂಗಿ ಮುಟ್ಟಿಸಲು ಮುಕಬ್ಬಿರ್ ಇರುತ್ತಾನೆ. ಧ್ವನಿವರ್ಧಕ ಬಂದಾಗ, ಅದರಿಂದ ಕೇಳುವುದು ಇಮಾಮರ ದನಿಯೋ ಯಂತ್ರದ ಹೊಸ ದನಿಯೋ, ಅದನ್ನು ಅನುಸರಿಸಿದರೆ ನಮಾಜ್ ಆಗುತ್ತದೆಯೋ ಎಂಬ ತರ್ಕ ಎದ್ದಿತು. ಮುಫ್ತಿ ಮುಹಮ್ಮದ್ ಶಫಿ ಅವರು ಮೊದಲು ಆಗದೆಂದು ಹೇಳಿ, ಆಮೇಲೆ ವಿಜ್ಞಾನ ಬಲ್ಲವರನ್ನು ವಿಚಾರಿಸಿ ಅಭಿಪ್ರಾಯ ಬದಲಿಸಿದರು. ಒಪ್ಪದ ಉಲೇಮಾಗಳೂ ಇದ್ದಾರೆ. ಅವರ ಮಸೀದಿಗಳಲ್ಲಿ ಮುಕಬ್ಬಿರ್ ಇಂದಿಗೂ ಕೂಗುತ್ತಾನೆ. ಈದ್ಗಾದಲ್ಲಿ ಇಮಾಮರಿಗೆ ಕಾಲರ್ ಮೈಕು ಕಟ್ಟುವಾಗ ಮಾಮುವಿನ ಚಿಂತೆ ಬೇರೆಯದೇ ಇರುತ್ತಿತ್ತು. ಸಜ್ದಾಗೆ ಬಾಗಿದಾಗ ಮೈಕು ಶೇರ್ವಾನಿಗೆ ಉಜ್ಜಿ ಗರಗರ ಅನ್ನಬಾರದು.

2022 ದನಿಯ ವರ್ಷ. ಮಾರ್ಚಿನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಮರ ಅಂಗಡಿ ಬೇಡವೆಂಬ ಕೂಗೆದ್ದು ಒಳನಾಡಿಗೂ ಹಬ್ಬಿತು. ಬೆನ್ನಿಗೇ ಮಸೀದಿಯ ಮೈಕಿನ ಗಲಾಟೆ. ಮೇ ತಿಂಗಳಲ್ಲಿ ಸರ್ಕಾರ ಎಲ್ಲ ಧ್ವನಿವರ್ಧಕಗಳಿಗೂ ಅನುಮತಿ ಬೇಕೆಂದು ಸುತ್ತೋಲೆ ಹೊರಡಿಸಿತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ನಿಷೇಧ 2000ದ ನಿಯಮದಲ್ಲೇ ಇತ್ತು. ಅದು ಬೆಳಗಿನವರೆಗೆ ಆಡುವ ಕುರುಕ್ಷೇತ್ರಕ್ಕೂ ತಾಗುವ ನಿಯಮ ಎಂಬುದನ್ನು ಆಗ ಯಾರೂ ಆಡಲಿಲ್ಲ. ಆಗಸ್ಟಿನಲ್ಲಿ, 2016 ಮತ್ತು 2021ರಲ್ಲಿ ಯಾರೂ ಕೊಳ್ಳದಿದ್ದ 700 ಮೆಗಾಹರ್ಟ್ಸ್ ಪಟ್ಟಿಯನ್ನು ಜಿಯೋ ಕೊಂಡಿತು. ಈ ಪಟ್ಟಿಯಲ್ಲಿ 703ರಿಂದ 748ರವರೆಗಿನದು ಫೋನಿನಿಂದ ಗೋಪುರಕ್ಕೆ ಹೋಗುವ ದಾರಿ. ಮಾಮುವಿನ ಒಂದು ಸೆಟ್ಟು ಆ ದಾರಿಯಲ್ಲೇ ಕೂತಿತ್ತು. ಮುಂದಿನ ಸಾಲಿನವರು ವಿಡಿಯೋ ಕಳಿಸಿದರೆ ಶಕುನಿಯ ದನಿಯಲ್ಲಿ ತೂತು ಬೀಳಬಹುದಾದ ಕಾಲ. ಅದನ್ನು ಅವರು ಅಟ್ಟಕ್ಕೆ ಹಾಕಿದರು.

ಅದೇ ವರ್ಷ ಗುಬ್ಬಿ ತಾಲೂಕಿನ ಒಂದು ಜಾತ್ರೆಗೆ ನಾನೂ ಹೋಗಿದ್ದೆ. ಬಳೆ, ಆಟಿಕೆಯ ಸಾಬರು ಆ ಸಲ ಬಂದಿರಲಿಲ್ಲ. ಬರಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲವಂತೆ. ಆದರೆ ರಾತ್ರಿಯ ನಾಟಕಕ್ಕೆ ಮಾಮುವಿನ ಸೆಟ್ಟೇ. ಅದನ್ನು ಯಾರೂ ಅಂಗಡಿಯ ಲೆಕ್ಕಕ್ಕೆ ಹಿಡಿದಿರಲಿಲ್ಲವೋ, ಬೇರೆಯವರ ಕೈಯಲ್ಲಿ ಕುಂಯ್‌ಗುಟ್ಟೀತೆಂಬ ಭಯವೋ. ಮಾಮು ಕೇಳಲಿಲ್ಲ, ಕೇಳು ಎಂದು ನಾನು ಒತ್ತಾಯಿಸಿದಾಗ ಬೈದರು. ಕಮಿಟಿಯ ಹಿರಿಯರು ಬಂದು, ‘ಸಾಬ್ರೇ, ಈ ಸಲ ಹಾರನ್ನು ಊರ ಕಡೆ ಬ್ಯಾಡಿ, ಒಳಕ್ಕೆ ತಿರುಗ್ಸಿ. ಪೋಲೀಸ್ನೋರು ಹೇಳವ್ರೆ’ ಎಂದರು. ‘ಆಯ್ತು ಗೌಡ್ರೇ’ ಎಂದು ಮಾಮು ಏಣಿ ಹತ್ತಿಸಿದರು.

ಬಣ್ಣದ ಮನೆಯಲ್ಲಿ ಕೃಷ್ಣನ ಪಾತ್ರದ ಹೈಸ್ಕೂಲ್ ಮೇಷ್ಟ್ರು ಕಿರೀಟ ಕೈಯಲ್ಲಿ ಹಿಡಿದು ಬೆನ್ನು ಕೊಟ್ಟು ನಿಂತಿದ್ದರು. ಮಾಮು ಪೆಟ್ಟಿಗೆ ಕಟ್ಟಿ, ಬಾಲ ನೇರ ಮಾಡಿ, ಎದೆಯ ಬಳಿ ಪ್ಲಾಸ್ಟರ್ ಒತ್ತಿದರು.

‘ಬರ್ತದಾ ಸಾಬ್ರೇ?’

‘ಮಾತಾಡಿ ಮೇಷ್ಟ್ರೇ, ಕೇಳ್ತೀನಿ’ ಎಂದು ಮಾಮು ರಿಸೀವರಿನ ದೀಪ ನೋಡುತ್ತಾ ನಿಂತರು.